ಎರಡು ದಿನದ ಊರು

ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ಯಾರಿಗೇ ಆದರೂ ಈ ಫೋನು ಪರಿಚಿತ. "ಶನಿವಾರ ಭಾನುವಾರ ಬರ್ತಾ ಇದ್ದೀವಿ. ಎರಡು ದಿನದಲ್ಲಿ ಏನೇನು ನೋಡಬಹುದು, ಸ್ವಲ್ಪ ಹೇಳ್ತೀರಾ?" ನಾನು ಹೇಳುತ್ತೇನೆ. ಕೂತು ಯೋಚಿಸುವ ಅಗತ್ಯವೇ ಬರುವುದಿಲ್ಲ. ಬೆಳಿಗ್ಗೆ ಬೇಗ ಲಾಲ್‌ಬಾಗ್, ಅಲ್ಲಿಂದ ಗಾಂಧಿ ಬಜಾರು, ಬಿಸಿಲು ಏರುವ ಮುಂಚೆ ದೊಡ್ಡ ಬಸವಣ್ಣ, ಮಧ್ಯಾಹ್ನ ರೂಮಿಗೆ ಹೋಗಿ ಒಂದು ನಿದ್ದೆ, ಸಂಜೆಯದ್ದು ಸಂಜೆಗೆ ನೋಡೋಣ. ಭಾನುವಾರವಾದರೆ ಕಬ್ಬನ್ ಪಾರ್ಕು, ಅವತ್ತು ಒಳಗೆ ವಾಹನ ಬಿಡುವುದಿಲ್ಲ, ಮಕ್ಕಳನ್ನು ಓಡಲು ಬಿಡಬಹುದು. ಶುಕ್ರವಾರವಾದರೆ ವಿದ್ಯಾರ್ಥಿ ಭವನಕ್ಕೆ ಹೋಗಬೇಡಿ, ರಜೆ. ಸೋಮವಾರವಾದರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇರಲ್ಲ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಸ್ಟೌ ಮೇಲಿನ ಹಾಲು ಇನ್ನೂ ಉಕ್ಕಿರುವುದಿಲ್ಲ.

ಈ ಚಳಿಗಾಲ ನಾವೇ ಹೊರಟಿದ್ದೇವೆ, ಕೋಲ್ಕತ್ತಾಗೆ. ನಾನು, ಗಂಡ, ಅತ್ತೆ. ಮೂವರಲ್ಲಿ ಯಾರೂ ಆ ಊರನ್ನು ನೋಡಿದವರಲ್ಲ. ರೈಲಿನಲ್ಲಾದರೆ ಹೋಗುವುದಕ್ಕೇ 30 ಗಂಟೆಯ ಆಸುಪಾಸು ಬೇಕು, ಹಾಗಾಗಿ ವಿಮಾನ. ಕೈಯಲ್ಲಿ ಒಂದು ವಾರಾಂತ್ಯ ಮತ್ತು ಅದಕ್ಕೆ ಅಂಟಿಸಿಕೊಳ್ಳಲು ಒಂದು ದಿನದ ರಜೆ. ಊಟ ಮುಗಿಸಿ ದಿನಾ ಸಂಜೆ ಫೋನು ಹಿಡಿದು ಕೂತೆ. ಓದಿದೆ, ವಿಡಿಯೋ ನೋಡಿದೆ, ನಕ್ಷೆಯ ಮೇಲೆ ಚಿಕ್ಕಚಿಕ್ಕ ನಕ್ಷತ್ರ ಹಾಕುತ್ತಾ ಹೋದೆ. ಮಾಹಿತಿ ಬೆಳೆಯುತ್ತಾ ಹೋಯಿತು, ಪ್ಲಾನ್ ಮಾತ್ರ ಆಗಲಿಲ್ಲ. ನಮ್ಮೂರಿನ ಬಗ್ಗೆ ನಿಂತ ಕಾಲಲ್ಲಿ ಹೇಳಬಲ್ಲವಳಿಗೆ ಇನ್ನೊಂದು ಊರಿನ ಬಗ್ಗೆ ಇಷ್ಟು ಓದಿದರೂ ಎರಡು ದಿನ ಜೋಡಿಸಲು ಯಾಕೆ ಆಗುತ್ತಿಲ್ಲ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೋಲ್ಕತ್ತಾವನ್ನು ಪಕ್ಕಕ್ಕಿಟ್ಟು, ನಾನು ಬೆಂಗಳೂರನ್ನು ಹೇಗೆ ಹೇಳುತ್ತೇನೆ ಎಂದು ಗಮನಿಸಲು ಶುರುಮಾಡಿದೆ.

ಶಿರಸಿಯಿಂದ ಬಂದ ಪಟ್ಟಿ

ಒಮ್ಮೆ ಶಿರಸಿಯಿಂದ ನನ್ನ ಚಿಕ್ಕಪ್ಪನ ಮಗ ಸಂಸಾರ ಸಮೇತ ಬಂದಿದ್ದ. ರಾತ್ರಿ ಬಸ್ಸಿನಲ್ಲಿ ಬಂದಿಳಿದು, ಸ್ನಾನ ಮುಗಿಸಿ, ಅವಲಕ್ಕಿಯ ತಟ್ಟೆ ಮುಂದಿಟ್ಟುಕೊಂಡೇ ಜೇಬಿನಿಂದ ಒಂದು ಕಾಗದ ತೆಗೆದ. ಮಗಳು ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟಿದ್ದಳು, ದುಂಡನೆಯ ಅಕ್ಷರ, ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಒಂದೊಂದು ಚೌಕ. ವಿಧಾನಸೌಧ, ಬನ್ನೇರುಘಟ್ಟ, ಇಸ್ಕಾನ್, ನಂದಿ ಬೆಟ್ಟ, ವಂಡರ್‌ಲಾ, ವಿಶ್ವೇಶ್ವರಯ್ಯ ಮ್ಯೂಸಿಯಂ, ಅರಮನೆ, ಲಾಲ್‌ಬಾಗ್, ಕಮರ್ಷಿಯಲ್ ಸ್ಟ್ರೀಟ್, ಯಾವುದಾದರೂ ದೊಡ್ಡ ಮಾಲ್, ಮೆಟ್ರೋ. ಕೊನೆಯಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ "ಏರ್‌ಪೋರ್ಟ್ (ಹೊರಗಿಂದ)". ಎಲ್ಲವೂ ಎರಡು ದಿನಕ್ಕೆ.

ಆ ಹಾಳೆಯಲ್ಲಿ ಇದ್ದ ಯಾವ ಜಾಗವೂ ನೋಡಬಾರದ್ದಲ್ಲ. ಆದರೆ ಅಲ್ಲಿ ಎಲ್ಲವೂ ಒಂದೇ ಗಾತ್ರಕ್ಕೆ ಇತ್ತು. ನಂದಿ ಬೆಟ್ಟ ಉತ್ತರಕ್ಕೆ 60 ಕಿಲೋಮೀಟರು, ಬನ್ನೇರುಘಟ್ಟ ದಕ್ಷಿಣದ ತುದಿ, ವಂಡರ್‌ಲಾ ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ. ಈ ಮೂರರಲ್ಲಿ ಯಾವುದೇ ಒಂದಕ್ಕೆ ಹೋದರೂ ಅವತ್ತಿನ ದಿನ ಅದಕ್ಕೇ ಸರಿಹೋಗುತ್ತದೆ. ವಿಧಾನಸೌಧವೋ, ಹಾದುಹೋಗುವಾಗ ಆಟೋ ನಿಲ್ಲಿಸಿ ನೋಡಿದರೂ ಸಂತೋಷವೇ. ಕಾಗದದ ಮೇಲೆ ಮಾತ್ರ ಅದಕ್ಕೂ ಒಂದು ಚೌಕ, ಇದಕ್ಕೂ ಒಂದು ಚೌಕ. ಹೊರಗಿನವರ ಪಟ್ಟಿಗೂ ಒಳಗಿನವರ ಪಟ್ಟಿಗೂ ಇರುವ ವ್ಯತ್ಯಾಸ ನನಗೆ ಮೊದಲು ಹೊಳೆದದ್ದು ಅಲ್ಲಿ. ಹೊರಗಿನವರಿಗೆ ಊರೆಂದರೆ ಜಾಗಗಳು. ಒಳಗಿನವರಿಗೆ ಜಾಗಕ್ಕಿಂತ ಮುಂಚೆ ಹೊತ್ತು ನೆನಪಾಗುತ್ತದೆ. ಸಿಟಿ ಮಾರ್ಕೆಟ್ ಅಂದ ಕೂಡಲೇ ನನಗೆ "ಬೆಳಿಗ್ಗೆ ಆರರೊಳಗೆ" ಎಂದೂ, ಸಿಲ್ಕ್ ಬೋರ್ಡ್ ಅಂದ ಕೂಡಲೇ "ಸಂಜೆ ಮಾತ್ರ ಬೇಡ" ಎಂದೂ ನಾಲಿಗೆಗೆ ಬರುತ್ತದೆ.

ಅಣ್ಣನ ಮುಂದೆ ಕೂತು ಪೆನ್ನು ತೆಗೆದುಕೊಂಡೆ. ಮಗಳ ಮುಖ ನೋಡುತ್ತಾ ಹೊಡೆದುಹಾಕುವುದು ಕಷ್ಟದ ಕೆಲಸ. ಅವಳನ್ನೇ ಕೇಳಿದೆ, "ಇದರಲ್ಲಿ ಒಂದೇ ಒಂದು ಸಿಗತ್ತೆ ಅಂದ್ರೆ ಯಾವುದು ಬೇಕು?" ಅವಳು ಒಂದು ಕ್ಷಣವೂ ತಡೆಯದೆ "ಮೆಟ್ರೋ" ಅಂದಳು. ನಾನು ಹುಲಿ ಸಿಂಹ ಅನ್ನುತ್ತಾಳೆ ಎಂದುಕೊಂಡಿದ್ದೆ. ಅಣ್ಣ "ಲಾಲ್‌ಬಾಗ್, ಅದೊಂದು ಸಮಾ ನೋಡವು" ಎಂದ. ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದು, ಹೂವಿನ ಮಾರ್ಕೆಟ್ ಅಂತ ಟೀವಿಯಲ್ಲಿ ತೋರಿಸ್ತಾರಲ್ಲ, ಅದು, ಎಂದರು. ಅದು ಆ ಹಾಳೆಯಲ್ಲಿ ಇರಲೇ ಇಲ್ಲ! ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಆಟೋ ಹಿಡಿದು ಮಾರ್ಕೆಟ್ಟಿಗೆ ಹೋದೆವು. ಮಾರ್ಕೆಟ್ ಕಟ್ಟಡದ ಮೇಲಿನ ಮಹಡಿಯ ಕಂಬಿಗೆ ಒರಗಿ ಕೆಳಗೆ ನೋಡಿದರೆ ಚೆಂಡುಹೂವಿನ ಹಳದಿ, ಕನಕಾಂಬರದ ಕೆಂಪು, ಗೋಣಿಚೀಲಗಳ ಮೇಲೆ ರಾಶಿ ಹಾಕಿದ ಸೇವಂತಿಗೆ. ಅತ್ತಿಗೆ ಮಲ್ಲಿಗೆ ಮೊಗ್ಗಿನ ಬೆಲೆ ಕೇಳಿದರು, ಶಿರಸಿಯ ಬೆಲೆಗೆ ಹೋಲಿಸಿದರು, ಚೌಕಾಸಿ ಮಾಡಿದರು, ಅರ್ಧ ಸೇರು ಕಟ್ಟಿಸಿಕೊಂಡರು. ಆಮೇಲೆ ಮಾರ್ಕೆಟ್ ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲು ಹತ್ತಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದೆವು. ಮಗಳಿಗೆ ಮೆಟ್ರೋ ಆಯಿತು. ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಅಣ್ಣ ಆ ಕಲ್ಲಿನ ವಯಸ್ಸಿನ ಫಲಕ ಓದಿ ಹೇಳಿದ, ಸುಮಾರು 300 ಕೋಟಿ ವರ್ಷ. ಕೆಂಪೇಗೌಡರ ಗೋಪುರ ಅದರ ಮೇಲೆ ನಿನ್ನೆ ಇಟ್ಟ ಹಾಗೆ ಕಾಣುತ್ತಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಮೂವರದ್ದೂ ಆಗಿತ್ತು, ಊರಿನ ಮೂರು ಕಿಲೋಮೀಟರು ದಾಟಿರಲಿಲ್ಲ.

ಅವತ್ತಿನಿಂದ ನಾನು ಯಾರಿಗೆ ಪ್ಲಾನ್ ಹೇಳುವುದಾದರೂ ಮೊದಲು ಕೇಳುವುದು ಇದನ್ನೇ: ಬರುವವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಯಾವುದು ಬೇಕು? ಮನೆಯ ಯಜಮಾನರಿಗೆ ಏನು ಬೇಕು ಅಂತಲ್ಲ. ಪಟ್ಟಿ ಬರೆಯುವವರು ಯಾವಾಗಲೂ ಒಬ್ಬರೇ ಇರುತ್ತಾರೆ, ನಡೆಯುವವರು ಎಲ್ಲರೂ. ವಯಸ್ಸಾದವರು "ನಿಮಗೆ ಎಲ್ಲಿ ಅನುಕೂಲವೋ ಅಲ್ಲಿಗೆ" ಎಂದುಬಿಡುತ್ತಾರೆ. ಅವರ ಬಾಯಿಂದ ಒಂದು ಹೆಸರು ಹೊರಡಿಸುವುದೇ ಪ್ರವಾಸದ ತಯಾರಿಯಲ್ಲಿ ದೊಡ್ಡ ಕೆಲಸ.

"ಯಾವ ವಾರ?"

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಉತ್ತರ ಕೋಲ್ಕತ್ತಾದಲ್ಲಿ ಹುಟ್ಟಿ ಬೆಳೆದ ನಿವೃತ್ತ ಅಧ್ಯಾಪಕಿಯೊಬ್ಬರಿದ್ದಾರೆ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಯಿತು, ತರಕಾರಿಯವನ ಹತ್ತಿರ ಕನ್ನಡದಲ್ಲೇ ಮಾತು. ಫೋನು ಹಿಡಿದು ಅವರ ಮನೆಗೆ ಹೋದೆ. ನಕ್ಷತ್ರ ತುಂಬಿದ ನಕ್ಷೆ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ. "ಯಾವ ವಾರ ಹೋಗೋದು?" ಎಂದರು. ಶನಿವಾರ ಬೆಳಿಗ್ಗೆ ಹೊರಟು ಸೋಮವಾರ ರಾತ್ರಿ ವಾಪಸ್ಸು, ಸೋಮವಾರಕ್ಕೆ ರಜೆ ಹಾಕೋಣ ಅಂತಿದ್ದೇವೆ ಎಂದೆ. "ಸೋಮವಾರ ಬೇಡ. ಶುಕ್ರವಾರ ಹಾಕಿ. ಸೋಮವಾರ ಎಲ್ಲಾ ಬಂದ್."

ಅವರು ಹೇಳಿದ ಮೇಲೆ ನೋಡಿದರೆ ಹೌದು. ಇಂಡಿಯನ್ ಮ್ಯೂಸಿಯಂ ಸೋಮವಾರ ರಜೆ. ವಿಕ್ಟೋರಿಯಾ ಮೆಮೋರಿಯಲ್ಲಿನ ಗ್ಯಾಲರಿ ಸೋಮವಾರ ರಜೆ. ರವೀಂದ್ರರು ಹುಟ್ಟಿದ, 1941ರಲ್ಲಿ ಕಣ್ಣುಮುಚ್ಚಿದ ಜೋಡಾಸಾಂಕೋದ ಠಾಕೂರ್ ಬಾಡಿ, ಅಂದರೆ ಠಾಕೂರರ ಮನೆ, ಅದೂ ಸೋಮವಾರ ರಜೆ. ಮ್ಯೂಸಿಯಮ್ಮುಗಳಿಗೆ ಸೋಮವಾರ ರಜೆ ಎನ್ನುವುದು ಎಲ್ಲ ಕಡೆ ಕಾಣುವ ರೂಢಿ. ವಾರಾಂತ್ಯದ ಪ್ರವಾಸಕ್ಕೆ ಸೋಮವಾರ ಸೇರಿಸಿಕೊಳ್ಳುವುದೂ ನಮ್ಮ ಆಫೀಸುಗಳ ರೂಢಿ. ಎರಡೂ ಹೀಗೆ ನೇರ ಡಿಕ್ಕಿ ಹೊಡೆಯುತ್ತವೆ ಎಂದು ನಾನು ಓದಿದ ಬರಹಗಳಲ್ಲಿ ಯಾರೂ ಎತ್ತಿ ಹೇಳಿರಲಿಲ್ಲ. ಪ್ರತಿ ಜಾಗದ ಕೆಳಗೂ ಸಣ್ಣಕ್ಷರದಲ್ಲಿ ರಜೆಯ ದಿನ ಇರುತ್ತದೆ, ಆದರೆ ಅವನ್ನೆಲ್ಲ ಕೂಡಿಸಿ ಓದಿದಾಗ ಮಾತ್ರ ಆ ಊರಿನ ಸೋಮವಾರ ಎಂಥದ್ದು ಎಂದು ತಿಳಿಯುತ್ತದೆ.

ಆಮೇಲೆ ಅವರು ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳ ಹಾಳೆ ಕಿತ್ತು, ಬಿಳಿಯ ಹಿಂಬದಿಯನ್ನು ಮೇಲೆ ಮಾಡಿ ಟೀಪಾಯಿಯ ಮೇಲೆ ಹರಡಿದರು. ಪೆನ್ಸಿಲಿನಿಂದ ಮೊದಲು ಎಳೆದದ್ದು ಹೂಗ್ಲಿ ನದಿ, ಗಂಗೆಯದೇ ಕವಲು. ಹಾಳೆಯ ಎಡಗಡೆ, ಮೇಲಿನಿಂದ ಕೆಳಗೆ, ಸ್ವಲ್ಪ ಡೊಂಕಾದ ಒಂದು ಗೆರೆ. ಅದರ ಆಚೆ ಹೌರಾ ಎಂದು ಬರೆದರು, ಈಚೆಗೆ ಊರು. ಗೆರೆಗೆ ಅಡ್ಡವಾಗಿ ಸೇತುವೆ. ಮೇಲ್ತುದಿಯಲ್ಲಿ ದಕ್ಷಿಣೇಶ್ವರದ ಕಾಳಿ ದೇವಸ್ಥಾನ, ಅದರ ಎದುರಿನ ದಡದಲ್ಲಿ ಸ್ವಲ್ಪ ಕೆಳಗೆ ರಾಮಕೃಷ್ಣ ಮಿಷನ್ನಿನ ಬೇಲೂರು ಮಠ. ಆಮೇಲೆ ನದಿಗೆ ಸಮಾನಾಂತರವಾಗಿ ಇನ್ನೊಂದು ಗೆರೆ, ಹಳೆಯ ಮೆಟ್ರೋ. "ಈ ಎರಡು ಗೆರೆ ಬಿಟ್ಟು ಎಲ್ಲೂ ಹೋಗಬೇಡಿ. ಎರಡು ದಿನಕ್ಕೆ ಇಷ್ಟೇ ಊರು." ನನ್ನ ನಕ್ಷತ್ರಗಳಲ್ಲಿ ಅರ್ಧಕ್ಕರ್ಧ ಆ ಎರಡು ಗೆರೆಗಳ ಆಚೆಗೆ ಬಿದ್ದವು. ಸುಂದರಬನ ಬಿತ್ತು, ಶಾಂತಿನಿಕೇತನ ಬಿತ್ತು, ಪೂರ್ವದ ಹೊಸ ಬಡಾವಣೆಗಳ ಪಾರ್ಕುಗಳು ಬಿದ್ದವು. ನನಗೆ ಎಷ್ಟು ಹಗುರವಾಯಿತು ಎಂದರೆ, ಅವರು ಪೆನ್ಸಿಲು ಕೆಳಗಿಡುವ ಮೊದಲೇ ಆ ಹಾಳೆ ನನಗೆ ಬೇಕು ಎಂದು ಕೇಳಿದೆ.

ಜಾಗಗಳ ಹೆಸರಿನ ಪಕ್ಕ ಅವರು ವಿವರಣೆ ಬರೆಯಲಿಲ್ಲ, ಹೊತ್ತು ಬರೆದರು. ಸೇತುವೆಯ ಬುಡದ ಮಲ್ಲಿಕ್ ಘಾಟಿನ ಹೂವಿನ ಮಾರ್ಕೆಟ್ಟಿಗೆ "ಸೂರ್ಯ ಹುಟ್ಟುವಾಗ". ಕಾಲೇಜ್ ಸ್ಟ್ರೀಟಿಗೆ "ಭಾನುವಾರ ಅಲ್ಲ", ಅವತ್ತು ಪುಸ್ತಕದ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಡಾಲ್‌ಹೌಸಿಯ ಹಳೆಯ ಆಫೀಸು ಕಟ್ಟಡಗಳಿಗೆ "ಭಾನುವಾರ ಮಾತ್ರ", ಬೇರೆ ದಿನ ಆ ಜನಸಂದಣಿಯಲ್ಲಿ ತಲೆ ಎತ್ತಿ ಕಟ್ಟಡ ನೋಡಲು ಆಗುವುದಿಲ್ಲ. ದಕ್ಷಿಣೇಶ್ವರಕ್ಕೆ "ಬೆಳಿಗ್ಗೆ", ಯಾಕೆಂದರೆ ಮಧ್ಯಾಹ್ನ ದೇವಸ್ಥಾನವೂ ಮುಚ್ಚುತ್ತದೆ, ಆಚೆ ದಡದ ಬೇಲೂರು ಮಠವೂ ಮುಚ್ಚುತ್ತದೆ. ಕುಮಾರಟುಲಿಗೆ ಮಾತ್ರ "ಯಾವಾಗ ಬೇಕಾದರೂ". ದುರ್ಗಾ ಪೂಜೆ ಮುಗಿದರೂ ಮೂರ್ತಿ ಮಾಡುವವರ ಕೆಲಸ ಮುಗಿಯುವುದಿಲ್ಲ, ಚಳಿಗಾಲದಲ್ಲಿ ಸರಸ್ವತಿ ಪೂಜೆಗೆ ಜೇಡಿಮಣ್ಣು ಕಲಸುತ್ತಿರುತ್ತಾರಂತೆ.

ದುರ್ಗಾ ಪೂಜೆಗೇ ಹೋಗಬೇಕು ಎಂದು ಗಂಡನ ಆಸೆ ಇತ್ತು, ನಮಗೂ ಅದೇ ಹೊತ್ತಿಗೆ ದಸರಾ ರಜೆ ಕೂಡಿಬರುತ್ತದೆ. ಅವರು ತಲೆಯಾಡಿಸಿದರು. ಪೂಜೆಯ ಊರು ಬೇರೆಯೇ ಊರು, ಅದನ್ನು ನೋಡಲು ಹೋದರೆ ಅದನ್ನೊಂದನ್ನೇ ನೋಡಿ ಬರಬೇಕು, ಬಾಕಿ ಕೋಲ್ಕತ್ತಾ ಕಣ್ಣಿಗೆ ಬೀಳುವುದಿಲ್ಲ ಎಂದರು. ನಮ್ಮ ಬಸವನಗುಡಿಯ ಬಗ್ಗೆಯೂ ನಾನು ಇದನ್ನೇ ಹೇಳುತ್ತೇನೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬನ್ನಿ, ಆದರೆ ಅವತ್ತು ಬುಲ್ ಟೆಂಪಲ್ ರಸ್ತೆಯಲ್ಲಿ ಪರಿಷೆ ಬಿಟ್ಟು ಬೇರೇನೂ ಆಗುವುದಿಲ್ಲ.

ಐದು ಗಂಟೆಯ ಕತ್ತಲು

ನಾನು ಹೊರಡುವ ಮುಂಚೆ ಅವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ಡಿಸೆಂಬರಲ್ಲಿ ಐದು ಗಂಟೆಗೆ ಕತ್ತಲೆ. ಸಂಜೆ ಅಂತ ಏನೂ ಇಟ್ಕೋಬೇಡಿ." ಮನೆಗೆ ಬಂದು ನೋಡಿದೆ. ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಸೂರ್ಯಾಸ್ತ 5:50ರ ಆಸುಪಾಸು. ಕೋಲ್ಕತ್ತಾದ್ದು 4:50ರ ಆಸುಪಾಸು. ಪೂರಾ ಒಂದು ಗಂಟೆ.

ಇದರ ಕಾರಣ ಗೊತ್ತಿದ್ದದ್ದೇ, ಆದರೆ ಪ್ರವಾಸಕ್ಕೆ ಅನ್ವಯಿಸಿ ಯೋಚಿಸಿರಲಿಲ್ಲ. ದೇಶಕ್ಕೆಲ್ಲ ಒಂದೇ ಗಡಿಯಾರ. ಬೆಂಗಳೂರು ಇರುವುದು ಪೂರ್ವ ರೇಖಾಂಶ 77.6 ಡಿಗ್ರಿಯಲ್ಲಿ, ಕೋಲ್ಕತ್ತಾ 88.4ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಅಲ್ಲಿನ ಸೂರ್ಯ ನಮ್ಮವನಿಗಿಂತ 43 ನಿಮಿಷ ಮುಂದೆ. ಅದರ ಮೇಲೆ ಆ ಊರು ನಮಗಿಂತ ಸುಮಾರು ಒಂಬತ್ತೂವರೆ ಡಿಗ್ರಿ ಉತ್ತರಕ್ಕಿದೆ, ಚಳಿಗಾಲದಲ್ಲಿ ಹಗಲೇ ಗಿಡ್ಡ. ಎರಡೂ ಸೇರಿ ಸಂಜೆಯಿಂದ ಒಂದು ಗಂಟೆ ಕಿತ್ತುಕೊಳ್ಳುತ್ತವೆ. ಬೆಳಿಗ್ಗೆ ವಾಪಸ್ಸು ಸಿಗುವುದು ಅದರ ಅರ್ಧವೂ ಇಲ್ಲ, ಅಲ್ಲಿ ಆರಕ್ಕೆ ಬೆಳಗಾದರೆ ಇಲ್ಲಿ ಆರೂವರೆ ಹತ್ತಿರ.

ನಮ್ಮ ಊರಿನ ಅಭ್ಯಾಸ ನಮ್ಮ ಮೈಯಲ್ಲಿರುತ್ತದೆ. "ನಾಲ್ಕೂವರೆಗೆ ಹೊರಟರೆ ಆಯಿತು" ಎಂದು ಬೆಂಗಳೂರಿನವರು ಹೇಳುವುದು ಬಿಸಿಲು ಇಳಿದ ಮೇಲೆ ಒಂದೂವರೆ ಗಂಟೆ ಬೆಳಕಿರುತ್ತದೆ ಎನ್ನುವ ಭರವಸೆಯ ಮೇಲೆ. ಅದೇ ಮಾತನ್ನು ಕೋಲ್ಕತ್ತಾದ ಡಿಸೆಂಬರಿನಲ್ಲಿ ಆಡಿದರೆ ಸೇತುವೆಯ ಹತ್ತಿರ ಹೋಗುವಷ್ಟರಲ್ಲಿ ಕತ್ತಲು. ಎರಡೇ ದಿನದ ಪ್ರವಾಸದಲ್ಲಿ ಇದು ಸಣ್ಣ ಸಂಗತಿಯಲ್ಲ. ನಮಗೆ ಸಿಗುವ ಬೆಳಕಿನ ಗಂಟೆಗಳೇ ನಮ್ಮ ಬಂಡವಾಳ, ದುಡ್ಡಿಗಿಂತ ಮೊದಲು ಅದನ್ನು ಎಣಿಸಬೇಕು. ಹಾಗಾಗಿ ಬೆಳಕು ಬೇಡದ ಸಂಗತಿಗಳನ್ನೆಲ್ಲ ಐದರ ನಂತರಕ್ಕೆ ತಳ್ಳಿದೆ. ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಕತ್ತಲಾದ ಮೇಲೆ. ನಲೆನ್ ಗುಡ್ ಅಂತ ಖರ್ಜೂರದ ರಸದ ಹೊಸ ಬೆಲ್ಲ ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ, ಅದರ ಸಂದೇಶ್ ತಿನ್ನುವುದು ಕತ್ತಲಾದ ಮೇಲೆ. ನದಿಯ ಕೆಳಗೆ ಹೋಗುವ ಮೆಟ್ರೋಗಂತೂ ಹಗಲಾದರೇನು, ರಾತ್ರಿಯಾದರೇನು. ಹೂಗ್ಲಿಯ ಅಡಿಯ ಸುಮಾರು 520 ಮೀಟರನ್ನು ಅದು ಮುಕ್ಕಾಲು ನಿಮಿಷದಲ್ಲಿ ದಾಟುತ್ತದೆ. 2024ರ ಮಾರ್ಚಿನಲ್ಲಿ ಶುರುವಾದದ್ದು. ದೇಶದ ಮೊದಲ ಮೆಟ್ರೋ ಓಡಿದ ಊರೂ ಅದೇ, 1984ರಲ್ಲಿ. ನಮಗೆ ಮೊದಲ ಮೆಟ್ರೋ ಬರಲು 2011 ಆಗಬೇಕಾಯಿತು.

ಎಲ್ಲಿ ಉಳಿಯುವುದು, ಎಲ್ಲಿ ಕಾಲು ಚಾಚುವುದು

ಬೆಂಗಳೂರಿಗೆ ಬರುವವರಿಗೆ ನಾನು ಮೊದಲು ಹೇಳುವುದೇ ರೂಮಿನ ವಿಷಯ. ಫೋಟೋದಲ್ಲಿ ಚೆನ್ನಾಗಿದೆ, ರೇಟು ಕಡಿಮೆ ಎಂದು ದೇವನಹಳ್ಳಿಯ ದಾರಿಯಲ್ಲೆಲ್ಲೋ ಬುಕ್ ಮಾಡಿ, ಬಸವನಗುಡಿ ನೋಡಲು ದಿನಾ ಮೂವತ್ತು ನಲವತ್ತು ಕಿಲೋಮೀಟರು ಓಡಾಡಿದವರನ್ನು ಕಂಡಿದ್ದೇನೆ. ಅವರು ಬೆಂಗಳೂರು ನೋಡಿದ್ದು ಕ್ಯಾಬಿನ ಕಿಟಕಿಯಿಂದ. ನೋಡಬೇಕಾದ್ದು ಎಲ್ಲಿದೆಯೋ ಅಲ್ಲಿಗೆ ಹದಿನೈದು ನಿಮಿಷದಲ್ಲಿ ತಲುಪುವ ಕಡೆ ರೂಮು ಇರಬೇಕು, ಅದೂ ಮಧ್ಯಾಹ್ನದ ಸಲುವಾಗಿ. ಬೆಳಿಗ್ಗೆ ಹೋಗಿ ರಾತ್ರಿ ಬರುವುದಾದರೆ ದೂರವಿದ್ದರೂ ನಡೆಯುತ್ತದೆ. ಮಧ್ಯಾಹ್ನ ಒಮ್ಮೆ ವಾಪಸ್ಸು ಬರಲು ಸಾಧ್ಯವಾಗುವುದು ಹತ್ತಿರವಿದ್ದರೆ ಮಾತ್ರ.

ಈ ಮಧ್ಯಾಹ್ನದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಪ್ರವಾಸದ ವಿಡಿಯೋಗಳಲ್ಲಿ ಯಾರಿಗೂ ಮಂಡಿ ನೋಯುವುದಿಲ್ಲ, ಯಾರೂ ಶೌಚಾಲಯ ಹುಡುಕುವುದಿಲ್ಲ. ನಮ್ಮ ದೇಶದ ಯಾವ ನಗರದಲ್ಲೇ ಆಗಲಿ ಹೆಂಗಸರು ದಿನವಿಡೀ ಹೊರಗಿರಬೇಕೆಂದರೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅತ್ತೆ ಹಾಗೆಯೇ ಮಾಡುತ್ತಾರೆ, ಕೇಳಿದರೆ "ಬಾಯಾರಿಕೆಯೇ ಆಗಿಲ್ಲ" ಎನ್ನುತ್ತಾರೆ. ಒಳ್ಳೆಯ ಶೌಚಾಲಯ ಎಲ್ಲಿದೆ ಎಂದು ಗೊತ್ತಿರುವ ಪ್ಲಾನ್ ಬೇಕು. ಮ್ಯೂಸಿಯಂ, ದೊಡ್ಡ ಹೋಟೆಲು, ನಮ್ಮ ರೂಮು, ಇವೇ ಭರವಸೆಯವು. ನಡುವಿನ ಅಂತರ ಎರಡು ಎರಡೂವರೆ ಗಂಟೆ ಮೀರದಂತೆ ದಿನವನ್ನು ಜೋಡಿಸಿದ್ದೇನೆ. ಅಂದವಾದ ವೇಳಾಪಟ್ಟಿಗಿಂತ ಅತ್ತೆ ನಿಶ್ಚಿಂತೆಯಿಂದ ನೀರು ಕುಡಿಯುವುದು ನನಗೆ ಮುಖ್ಯ.

ಹೀಗಾಗಿ ರೂಮು ಎಸ್ಪ್ಲನೇಡ್ ಮತ್ತು ಪಾರ್ಕ್ ಸ್ಟ್ರೀಟ್ ನಡುವೆ. ನದಿಯ ಕೆಳಗಿನ ಮಾರ್ಗವೂ ಹಳೆಯ ಉತ್ತರ ದಕ್ಷಿಣ ಮಾರ್ಗವೂ ಸೇರುವುದು ಎಸ್ಪ್ಲನೇಡಿನಲ್ಲಿ, ನಮ್ಮ ಮೆಜೆಸ್ಟಿಕ್ ಇದ್ದಂತೆ. ಇಂಡಿಯನ್ ಮ್ಯೂಸಿಯಂ ನಡೆದುಹೋಗುವ ದೂರ. 2025ರ ಆಗಸ್ಟಿನಿಂದ ವಿಮಾನ ನಿಲ್ದಾಣಕ್ಕೂ ಮೆಟ್ರೋ ಬಂದಿದೆ, ನೋವಾಪಾಡಾದಲ್ಲಿ ಬದಲಾಯಿಸಿದರೆ ಸೀದಾ ಬರಬಹುದು. ಒಂದು ವಿಷಯ ಮಾತ್ರ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ಭಾನುವಾರ ಬೆಳಗಿನ ಜಾವ ಅಲ್ಲಿ ಮೆಟ್ರೋ ಇಲ್ಲ, ಇಲ್ಲಿಯ ಹಾಗೆಯೇ ತಡವಾಗಿ ಶುರು. ಹೂವಿನ ಮಾರ್ಕೆಟ್ಟಿಗೆ ಟ್ಯಾಕ್ಸಿಯೇ.

ಎಐ ಯಂತ್ರವನ್ನು ಕೇಳಿದರೂ ಈಗ ಅರೆಕ್ಷಣದಲ್ಲಿ ಪ್ಲಾನ್ ಬರುತ್ತದೆ. ನಾನೂ ಕೇಳಿ ನೋಡಿದೆ. ಬೆಳಿಗ್ಗೆ ಒಂಬತ್ತು, ಹನ್ನೊಂದು, ಒಂದು, ಮೂರು, ಐದು ಎಂದು ಸರಿಸಮಾನ ತುಂಡುಗಳಾಗಿ ಕತ್ತರಿಸಿದ ದಿನ. ಹೆಸರುಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ನಾವು ಯಾರು ಎಂದು ಅದು ಕೇಳಲಿಲ್ಲ. ಮೇಲಿನ ಮಹಡಿಯವರು ಎರಡನೆಯ ಪ್ರಶ್ನೆಯಾಗಿ ಕೇಳಿದ್ದು "ಅಮ್ಮ ಎಷ್ಟು ಮೆಟ್ಟಿಲು ಹತ್ತುತ್ತಾರೆ?" ಎಂದು.

ಮೂವರಿಗೆ ಮೂರು

ಶಿರಸಿಯ ಮಗಳಿಂದ ಕಲಿತದ್ದನ್ನು ನಮ್ಮ ಮನೆಯಲ್ಲೂ ಮಾಡಿದೆ. ಅತ್ತೆ ಎಂದಿನಂತೆ "ನನಗೇನೂ ಇಲ್ಲ ಕಣೇ" ಎಂದರು. ಬಿಡದೆ ಕೇಳಿದ ಮೇಲೆ, ದಕ್ಷಿಣೇಶ್ವರ ಎಂದರು. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣಾಶ್ರಮಕ್ಕೆ ಅವರು ಮದುವೆಯಾಗಿ ಬಂದ ವರ್ಷದಿಂದ ಹೋಗುತ್ತಿದ್ದಾರೆ. 1904ರಲ್ಲಿ ಶುರುವಾದ ಆಶ್ರಮ ಅದು. ಸಂಜೆಯ ಆರತಿಯ ಹಾಡು ಅವರಿಗೆ ಬಾಯಿಪಾಠ. ಪರಮಹಂಸರು ಇದ್ದ ಆ ಕೋಣೆಯನ್ನು ಒಮ್ಮೆ ನೋಡಬೇಕು, ಆ ಗಂಗೆಯ ಮೆಟ್ಟಿಲ ಮೇಲೆ ಕೂರಬೇಕು ಎನ್ನುವುದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ರಾಣಿ ರಾಸಮಣಿ ಆ ದೇವಸ್ಥಾನ ಕಟ್ಟಿಸಿದ್ದು 1855ರಲ್ಲಿ ಎಂದು ನಾನು ಓದಿ ಹೇಳುವ ಮೊದಲೇ ಅವರು ಹೇಳಿದರು.

ಗಂಡನಿಗೆ ಟ್ರಾಮು. ಆ ಊರಿನಲ್ಲಿ ಕುದುರೆ ಎಳೆಯುವ ಟ್ರಾಮು 1873ರಲ್ಲಿ, ವಿದ್ಯುತ್ತಿನದ್ದು 1902ರಲ್ಲಿ ಬಂತು. 2024ರಲ್ಲಿ ಅಲ್ಲಿನ ಸರ್ಕಾರ ಊರ ನಡುವಿನ ದೊಡ್ಡ ಬಯಲಾದ ಮೈದಾನದ ಒಂದು ಸಣ್ಣ ಮಾರ್ಗ ಬಿಟ್ಟು ಉಳಿದದ್ದನ್ನು ನಿಲ್ಲಿಸುವುದಾಗಿ ಹೇಳಿದ ದಿನದಿಂದ ಇವರಿಗೆ ಆತುರ. ಮುಂದೊಂದು ದಿನ ಹೋದರೆ ಮ್ಯೂಸಿಯಂ ಇರುತ್ತದೆ, ಸೇತುವೆ ಇರುತ್ತದೆ, ಟ್ರಾಮು ಇರುತ್ತದೆಯೋ ಇಲ್ಲವೋ. ಮೊದಲು ಯಾವುದು ಎಂದು ನಿರ್ಧರಿಸಲು ಇದೂ ಒಂದು ನ್ಯಾಯವಾದ ದಾರಿ. ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ.

ನನಗೆ ಭಾರ್ಹುತ್. ಕ್ರಿಸ್ತಪೂರ್ವ ಎರಡನೆಯ ಶತಮಾನದ ಬೌದ್ಧ ಸ್ತೂಪದ ಕಲ್ಲಿನ ಕಟಕಟೆ, ಮಧ್ಯಪ್ರದೇಶದಿಂದ ತಂದು ಇಂಡಿಯನ್ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದ್ದಾರೆ. ಕೆಂಪು ಕಲ್ಲಿನ ದುಂಡು ಪದಕಗಳಲ್ಲಿ ಜಾತಕ ಕತೆಗಳು. ಪುಸ್ತಕದಲ್ಲಿ ಅಂಗೈ ಅಗಲದ ಚಿತ್ರ ನೋಡಿದ್ದವಳಿಗೆ ಅದರ ಮುಂದೆ ನಿಲ್ಲಬೇಕು. 1814ರಲ್ಲಿ ಶುರುವಾದ ಆ ಮ್ಯೂಸಿಯಂ ಪೂರ್ತಿ ನೋಡಲು ಎರಡು ದಿನವೂ ಸಾಲದು. ನಾನು ಆ ಒಂದು ಕೋಣೆಗೆ ಹೋಗಿ ಬರುತ್ತೇನೆ. ಉಳಿದ ಗ್ಯಾಲರಿಗಳನ್ನು ಬಿಟ್ಟು ಬರುವುದು ನನಗೇನೂ ನಷ್ಟ ಅನ್ನಿಸುತ್ತಿಲ್ಲ. ಒಂದು ಕೋಣೆಯಲ್ಲಿ ಒಂದು ಗಂಟೆ ನಿಂತರೆ ಮನೆಗೆ ಬಂದ ಮೇಲೂ ಅದು ಕಣ್ಣ ಮುಂದೆ ಇರುತ್ತದೆ.

ಈ ಮೂರನ್ನು ಕ್ಯಾಲೆಂಡರಿನ ಹಾಳೆಯ ಎರಡು ಗೆರೆಗಳ ನಡುವೆ ಇಟ್ಟ ಮೇಲೆ ಉಳಿದದ್ದೆಲ್ಲ ತಾನಾಗಿ ಕೂತಿತು. ಶುಕ್ರವಾರ ಬೆಳಗಿನ ವಿಮಾನ. ಊಟ ಮಾಡಿ ಸೀದಾ ಕಾಲೇಜ್ ಸ್ಟ್ರೀಟು, ಬೆಳಕಿರುವವರೆಗೆ ಪುಸ್ತಕ, ಕತ್ತಲಾದ ಮೇಲೆ ಕಾಫಿ ಹೌಸು. ಶನಿವಾರ ಬೇಗ ಎದ್ದು ಮೆಟ್ರೋದಲ್ಲಿ ದಕ್ಷಿಣೇಶ್ವರ, 2021ರಿಂದ ಅಲ್ಲಿಗೇ ನಿಲ್ದಾಣವಿದೆ. ಮಧ್ಯಾಹ್ನ ರೂಮು, ನಿದ್ದೆ. ಎದ್ದು ನಡೆದು ಮ್ಯೂಸಿಯಂ, ನನ್ನ ಕಟಕಟೆ. ರಾತ್ರಿ ನದಿಯ ಕೆಳಗಿನ ರೈಲಿನಲ್ಲಿ ಹೌರಾಕ್ಕೆ ಹೋಗಿ ದೋಣಿಯಲ್ಲಿ ವಾಪಸ್ಸು, 1943ರ ಆ ಸೇತುವೆಯನ್ನು ದೀಪದಲ್ಲಿ ನೋಡುತ್ತಾ. ಭಾನುವಾರ ಬೆಳಗಿನ ಜಾವ ಹೂವಿನ ಮಾರ್ಕೆಟ್ಟು, ಖಾಲಿ ಡಾಲ್‌ಹೌಸಿ, ಟ್ರಾಮು, ಸಮಯವಿದ್ದರೆ ಜೋಡಾಸಾಂಕೋ. ಆಮೇಲೆ ವಿಮಾನದವರೆಗೆ ಏನೂ ಬರೆದಿಲ್ಲ. ಆ ಹೊತ್ತನ್ನು ಬೇಕೆಂದೇ ಬಿಟ್ಟಿದ್ದೇನೆ. ಎರಡು ದಿನ ಓಡಾಡಿದ ಮೇಲೆ ಯಾರಿಗಾದರೂ ಒಂದು ಕಡೆ ಮತ್ತೊಮ್ಮೆ ಹೋಗಬೇಕು ಅನ್ನಿಸುತ್ತದೆ, ಕಂಡ ಕೂಡಲೇ ಇಷ್ಟವಾದ ಒಂದು ಬೀದಿಯೋ, ಒಂದು ಅಂಗಡಿಯೋ. ಅದಕ್ಕೆ ಜಾಗ ಬೇಕು. ಶಿರಸಿಯವರು ಎರಡನೆಯ ದಿನ ಮಧ್ಯಾಹ್ನ ಹಾಗೆಯೇ ಮತ್ತೊಮ್ಮೆ ಲಾಲ್‌ಬಾಗಿಗೆ ಹೋದರು, ನಾನು ಜೊತೆಗಿರಲಿಲ್ಲ.

ವಿಕ್ಟೋರಿಯಾ ಮೆಮೋರಿಯಲ್ ಪಟ್ಟಿಯಲ್ಲಿಲ್ಲ ಎಂದು ಕೇಳಿದವರೆಲ್ಲ ಹುಬ್ಬೇರಿಸುತ್ತಾರೆ. ಮೈದಾನದ ಟ್ರಾಮಿನಿಂದ ಕಂಡರೆ ಕಾಣಲಿ. ಇನ್ನೂ ತೀರ್ಮಾನವಾಗದೆ ಉಳಿದಿರುವುದು ಶನಿವಾರದ ಒಂದೇ ವಿಷಯ: ದಕ್ಷಿಣೇಶ್ವರದಿಂದ ಬೇಲೂರು ಮಠಕ್ಕೆ ದೋಣಿಯಲ್ಲಿ ಹೋಗುವುದೋ, ರಸ್ತೆಯಲ್ಲಿ ಹೋಗುವುದೋ. ದೋಣಿಯಾದರೆ ಘಾಟಿನ ಮೆಟ್ಟಿಲು ಇಳಿದು ಹತ್ತಬೇಕು. ಮೇಲಿನ ಮಹಡಿಯವರು ದೋಣಿಯೇ ಸರಿ ಎನ್ನುತ್ತಾರೆ, ಗಂಡ ಟ್ಯಾಕ್ಸಿ ಎನ್ನುತ್ತಾರೆ. ಅತ್ತೆ ಈ ವಾರದಿಂದ ನಮ್ಮ ಮನೆಯ ಎರಡು ಮಹಡಿಯನ್ನು ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲೇ ಹತ್ತಿ ಇಳಿಯಲು ಶುರುಮಾಡಿದ್ದಾರೆ.